ಕೆಂಚ ಹೋದ ಮೇಲೆ: ಸಾಕಿದ ನಾಯಿ ತೀರಿಕೊಂಡಾಗ ಏನು ಮಾಡಬೇಕು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ರವಿಕೆ ಹೊಲಿಯುವವಳು ನಾನು. ಹನ್ನೆರಡು ವರ್ಷ ಕೆಂಚ ನನ್ನ ಮಷೀನಿನ ಕೆಳಗೇ ಮಲಗಿದ. ಅವನ ಬಾಲ ಪೆಡಲಿಗೆ ಸಿಗಬಾರದು ಅಂತ ಎಡಗಾಲನ್ನು ಅಂಚಿಗೆ ಸರಿಸಿಕೊಂಡು ತುಳಿಯೋದು ರೂಢಿಯಾಗಿತ್ತು. ಅವನು ಹೋಗಿ ಏಳು ತಿಂಗಳಾಯಿತು. ಕಾಲು ಈಗಲೂ ಅಂಚಿಗೇ ಹೋಗುತ್ತದೆ.

ಮೊದಲು ಕೈಯಲ್ಲಿ ಆಗಬೇಕಾದ ಕೆಲಸ ಹೇಳಿಬಿಡುತ್ತೇನೆ, ಯಾಕಂದರೆ ಆ ಹೊತ್ತಿಗೆ ತಲೆ ಓಡುವುದಿಲ್ಲ. ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಅದಕ್ಕೆ ಮುಂಚೆ ಕಾಲುಗಳನ್ನು ಮೆಲ್ಲಗೆ ಮಡಚಿ, ಅದು ಮಲಗುತ್ತಿದ್ದ ಹಾಗೇ ಮಲಗಿಸಿ. ಕಣ್ಣು ಪೂರ್ತಿ ಮುಚ್ಚದೇ ಇರಬಹುದು, ಬಾಯಿಂದಲೋ ಹಿಂದಿನಿಂದಲೋ ನೀರು ಸುರಿಯಬಹುದು. ಅದು ಸಹಜ, ಗಾಬರಿಯಾಗಬೇಡಿ, ಅಡಿಗೆ ಹಳೇ ಬಟ್ಟೆ ಹಾಸಿ. ನಮ್ಮ ಕಡೆ ಬೇಸಿಗೆಯಲ್ಲಾದರೆ ಅವತ್ತೇ ಮಣ್ಣು ಮಾಡಬೇಕು.

ಒಂದು ಎಚ್ಚರ ಮಾತ್ರ ಮರೆಯಬಾರದು. ಸಾಯುವ ಮುಂಚೆ ನಾಯಿ ವಿಪರೀತ ಜೊಲ್ಲು ಸುರಿಸಿ, ದವಡೆ ಜೋತುಬಿದ್ದು, ಕಂಡಕಂಡವರಿಗೆ ಬಾಯಿ ಹಾಕಿದ್ದರೆ ಹುಚ್ಚುನಾಯಿ ರೋಗದ ಅನುಮಾನ ಪಡಬೇಕು. ಬರಿಗೈಲಿ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ. ಅದು ಕಚ್ಚಿದ್ದರೆ, ಗಾಯ ನೆಕ್ಕಿದ್ದರೆ, ಆ ಜಾಗವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ದುಃಖ ಆಮೇಲೆ.

ಕೆಂಚನನ್ನು ಚನ್ನಗಿರಿ ಕಡೆ ಅಣ್ಣನ ಅಡಿಕೆ ತೋಟದ ಬದುವಿನಲ್ಲಿ ಇಟ್ಟೆವು. ಬೋರ್‌ವೆಲ್, ಬಾವಿ, ಹಳ್ಳದಿಂದ ದೂರ ಇರಬೇಕು. ಮೈಮೇಲೆ ಮೂರಡಿಯಾದರೂ ಮಣ್ಣು ಬೀಳುವಷ್ಟು ಆಳ ತೋಡಿಸಿ, ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ಬೇರೆ ನಾಯಿ ಬಂದು ಕೆದರುತ್ತವೆ. ವೈದ್ಯರಿಂದ ದಯಾಮರಣದ ಇಂಜೆಕ್ಷನ್ ಕೊಡಿಸಿ ಕಳಿಸಿದ್ದರೆ ಆಳದ ವಿಷಯದಲ್ಲಿ ಇನ್ನೂ ಜಾಗ್ರತೆ. ಆ ಔಷಧಿ ಮೈಯಲ್ಲೇ ಉಳಿದು, ತಿಂದ ಪ್ರಾಣಿಗೂ ಅಪಾಯವಾಗಬಹುದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಮಣ್ಣಾಗುವುದಿಲ್ಲ, ಹತ್ತಿ ಬಟ್ಟೆ ಸಾಕು. ಜಾಗವಿಲ್ಲದವರು ಪಾಲಿಕೆಯವರಿಗೆ ತಿಳಿಸಿ. ಭದ್ರಾ ಚಾನಲ್ಲಿಗೆ ಮಾತ್ರ ಹಾಕಬೇಡಿ, ಕೆಳಗಿನ ಊರಿನವರು ಆ ನೀರು ಬಳಸುತ್ತಾರೆ.

ಇನ್ನು ಜನ. “ನಾಯಿ ತಾನೆ, ಬಿಡವ್ವ, ಇನ್ನೊಂದು ತಂದ್ರಾತು” ಅಂದರು ಎದುರುಮನೆಯವರು. ಕೆಟ್ಟವರಲ್ಲ. ಆದರೂ ಆ ಮಾತಿನಿಂದ ಅಳೋದಕ್ಕೇ ನಾಚಿಕೆಯಾಗಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಗ ನನ್ನನ್ನು ಎತ್ತಿದ್ದು, ಮಗಳಿಗೆ ಓದಿ ಹೇಳಿದ ಆತಕೂರು ಶಾಸನದ ಸಂಗತಿ. ಮದ್ದೂರು ತಾಲ್ಲೂಕಿನ ಊರು ಅದು. ಕ್ರಿ.ಶ. 949-50ರ ಸುಮಾರಿಗೆ ಗಂಗರ ಬೂತುಗ ಮಣಲೆರನೆಂಬ ವೀರನಿಗೆ ಕಾಳಿ ಅನ್ನೋ ಬೇಟೆನಾಯಿ ಕೊಟ್ಟ. ಕಾಡುಹಂದಿಯೊಂದಿಗೆ ಸೆಣಸಿ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಅದಕ್ಕೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟ, ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅಂತ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಯುದ್ಧ ಮಾಡಿ ಬಂದ ಗಂಡಸೇ ನಾಯಿಗೆ ಕಲ್ಲು ನಿಲ್ಲಿಸಿದ್ದಾನೆ. ಮರುದಿನ ನಾನು ಅಂಗಳದಲ್ಲೇ ಕೂತು ಅತ್ತೆ.

ಮನೆಯಲ್ಲಿ ಮಕ್ಕಳಿದ್ದರೆ “ಸತ್ತುಹೋಯ್ತು” ಅಂತಲೇ ಹೇಳಿ. ಮಲಗಿದೆ ಅಂದರೆ ಮಲಗೋದಕ್ಕೇ ಹೆದರುತ್ತಾರೆ, ಊರಿಗೆ ಹೋಗಿದೆ ಅಂದರೆ ದಿನಾ ಬಾಗಿಲು ಕಾಯುತ್ತಾರೆ. ನನ್ನ ಎಂಟು ವರ್ಷದ ಮಗಳು ಹಿಡಿಮಣ್ಣು ಹಾಕಿ, “ಅವನಿಗೆ ಉಸಿರು ಕಟ್ಟಲ್ವೇನವ್ವಾ?” ಅಂದಳು. ಉಸಿರು ನಿಂತಿದೆ ಕಣವ್ವಾ, ಇನ್ನು ಅವನಿಗೆ ನೋವಿಲ್ಲ ಅಂದೆ. ಅವಳಿಗೆ ಅಷ್ಟು ಸಾಕಾಯಿತು.

ನನಗೆ ಸಾಕಾಗಲಿಲ್ಲ. ನನ್ನನ್ನು ತಿಂದದ್ದು ನೀರಿನ ಬಟ್ಟಲು. ಏಪ್ರಿಲ್‌ನಲ್ಲಿ ದಿನಕ್ಕೆರಡು ಸಲ ತುಂಬಿಸುತ್ತಿದ್ದ ಬಟ್ಟಲನ್ನು ನಾಲ್ಕು ಸಲ ತುಂಬಿಸತೊಡಗಿದ್ದೆ, ಬಿಸಿಲಿಗೆ ಕುಡೀತಾನೆ ಅಂದುಕೊಂಡೆ. ಕಿಡ್ನಿ ಕೈಕೊಟ್ಟಿತ್ತು. ಪಶುವೈದ್ಯರು ಬಿಡಿಸಿ ಹೇಳಿದರು: ರಕ್ತ ಪರೀಕ್ಷೆಯಲ್ಲಿ ಎದ್ದು ಕಾಣುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಹೋಗಿರುತ್ತದಂತೆ. ನಿಮಗೂ ಇಂಥ ಒಂದು ಬಟ್ಟಲು ಇದ್ದೇ ಇರುತ್ತದೆ. ಅದನ್ನು ಒಳಗೇ ಇಟ್ಟುಕೊಂಡು ಕೊರಗಬೇಡಿ, ಹೋಗಿ ವೈದ್ಯರನ್ನೇ ಕೇಳಿ, “ನಾನು ಮೊದಲೇ ಬಂದಿದ್ದರೆ?” ಅಂತ. ಉತ್ತರ ಏನೇ ಇರಲಿ, ರಾತ್ರಿ ಎರಡು ಗಂಟೆಗೆ ನಾವೇ ಕೊಟ್ಟುಕೊಳ್ಳುವ ಉತ್ತರಕ್ಕಿಂತ ಮೃದುವಾಗಿರುತ್ತದೆ. ವಾರಗಟ್ಟಲೆ ಊಟ, ನಿದ್ದೆ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾಯಿಗೆ ಅಂತ ಹೇಳಲು ಸಂಕೋಚ ಬೇಡ.

ದಿನದಲ್ಲಿ ಯಾವ ಹೊತ್ತು ಅತಿ ಕಷ್ಟ ಅಂತ ನೋಡಿಕೊಳ್ಳಿ. ನಮ್ಮಲ್ಲಿ ಅದು ಸಂಜೆ ಆರು. ನಮ್ಮ ಯಜಮಾನರು ಮಂಡಕ್ಕಿ ಮೆಣಸಿನಕಾಯಿ ತರುವ ಹೊತ್ತು. ಪೊಟ್ಟಣದ ಸದ್ದಿಗೆ ಅವನು ಏಳುತ್ತಿದ್ದ, ಒಗ್ಗರಣೆ ಹಾಕದ ಒಂದು ಹಿಡಿ ಮಂಡಕ್ಕಿ ಅವನ ಪಾಲು. ಒಂದು ತಿಂಗಳು ಅವರು ತರುವುದನ್ನೇ ಬಿಟ್ಟರು, ಮನೆ ಇನ್ನೂ ಬಿಕೋ ಅಂದಿತು. ಈಗ ತರುತ್ತಾರೆ, ಆ ಹಿಡಿ ಕಾಂಪೌಂಡ್ ಮೇಲೆ ಅಳಿಲಿಗೆ ಹೋಗುತ್ತದೆ.

ಹೊಸ ಮರಿಗೆ ಆತುರ ಬೇಡ. ನಾಯಿಗಳಿಗೆ ವಾಂತಿ-ಭೇದಿ ತರುವ ಪಾರ್ವೋ ರೋಗದಿಂದ ಸತ್ತಿದ್ದರಂತೂ ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನೆಲವನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು, ಲಸಿಕೆ ಪೂರ್ತಿಯಾದ ಮರಿಯನ್ನೇ ತನ್ನಿ. ನಾವು ಇನ್ನೂ ತಂದಿಲ್ಲ.

ಸಾಮಾನುಗಳನ್ನು ಮೊದಲ ವಾರವೇ ತೊಳೆಯಬೇಡಿ, ಕೊಡಬೇಡಿ. ವಾಸನೆ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಗಿರಾಕಿಗಳ ರವಿಕೆಯಲ್ಲಿ ಉಳಿದ ತುಂಡುಗಳಿಂದ ನಾನು ಅವನಿಗೊಂದು ಕೌದಿ ಹೊಲಿದಿದ್ದೆ. ಅವತ್ತು ಅದನ್ನು ನಡುವಿಗೆ ಕತ್ತರಿಸಿ ಅರ್ಧ ಅವನಿಗೆ ಸುತ್ತಿದೆ. ಉಳಿದರ್ಧ ಮಷೀನಿನ ಕೆಳಗಿದೆ. ಕತ್ತರಿಸಿದ ಕಡೆ ದಾರ ಬಿಚ್ಚಿಕೊಳ್ಳುತ್ತಿತ್ತು, ಮೊನ್ನೆ ಮಂಗಳವಾರ ಅಂಚು ಮಡಚಿ ಹೊಲಿದೆ.