ವೆಬ್ ಡಿಸೈನರ್ ಆಗಬೇಕೇ? ಒಂದು ಫಾರ್ಮ್‌ನಿಂದ ಶುರುಮಾಡಿ

ವೆಬ್ ಡಿಸೈನ್ ಕಲಿಯಲು ಹೊರಟವರು ಮೊದಲು ಕೇಳುವುದು, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ ಎಂದು. ಈ ಪ್ರಶ್ನೆಗೆ ಕಾಲಕ್ಕೊಂದು ಉತ್ತರ. ಒಂದು ಕಾಲದಲ್ಲಿ ಫೋಟೋಶಾಪ್, ಡ್ರೀಮ್‌ವೀವರ್, ಫ್ಲ್ಯಾಶ್ ಗೊತ್ತಿದ್ದವರಿಗೆ ಬೇಡಿಕೆ. ಫ್ಲ್ಯಾಶ್ 2020ರ ಕೊನೆಗೆ ಬಾಗಿಲು ಮುಚ್ಚಿತು. ಈಗ ಎಲ್ಲರ ಬಾಯಲ್ಲೂ ಪುಟದ ನಕ್ಷೆ ಬಿಡಿಸುವ ಫಿಗ್ಮಾ. ಇಷ್ಟೆಲ್ಲ ಬದಲಾದರೂ ಅಲುಗಾಡದೆ ನಿಂತಿರುವುದು, ಪುಟದಲ್ಲಿ ಏನೇನಿದೆ ಎಂದು ಬ್ರೌಸರ್‌ಗೆ ಹೇಳುವ ಎಚ್‌ಟಿಎಂಎಲ್ ಒಂದೇ. 1991ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಜನರ ಮುಂದಿಟ್ಟ ಮೊದಲ ಜಾಲತಾಣದ ಪ್ರತಿಯನ್ನು ಆ ಸಂಸ್ಥೆ ಕಾಪಿಟ್ಟಿದೆ. ಇವತ್ತಿನ ಮೊಬೈಲ್ ಬ್ರೌಸರ್‌ನಲ್ಲೂ ಅದು ಸರಾಗವಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಟೂಲ್‌ಗಳ ಚಿಂತೆ ಆಮೇಲೆ.

1. ಎಚ್‌ಟಿಎಂಎಲ್, ಸಿಎಸ್‌ಎಸ್ ಕೈಗೆ ಹತ್ತಲಿ

ಒಂದು ಸಾದಾ ಟೆಕ್ಸ್ಟ್ ಎಡಿಟರ್, ಒಂದು ಬ್ರೌಸರ್ ಸಾಕು. ಶೀರ್ಷಿಕೆ, ಪ್ಯಾರಾ, ಪಟ್ಟಿ, ಲಿಂಕ್, ಚಿತ್ರ ಇಷ್ಟನ್ನು ಬರಿಯ ಎಚ್‌ಟಿಎಂಎಲ್‌ನಲ್ಲಿ ಬರೆಯಿರಿ. ನೋಡಲು ಬೋಳಾಗಿರುತ್ತದೆ, ಇರಲಿ. ಆಮೇಲೆ ಪುಟಕ್ಕೆ ರೂಪ ಕೊಡುವ ಸಿಎಸ್‌ಎಸ್: ಮೊದಲು ಬಾಕ್ಸ್ ಮಾಡೆಲ್ (ಪ್ರತಿ ಭಾಗದ ಅಳತೆ, ಅಂಚು, ಅಂತರ), ನಂತರ ಫ್ಲೆಕ್ಸ್‌ಬಾಕ್ಸ್ (ಸಾಲಾಗಿ ಜೋಡಿಸಲು), ಅದರ ನಂತರ ಗ್ರಿಡ್ (ಅಡ್ಡ, ಉದ್ದ ಎರಡರಲ್ಲೂ ಜೋಡಿಸಲು). ಪುಟದ ವಿನ್ಯಾಸವನ್ನು ಫ್ಲೋಟ್ ಎಂಬ ಹಳೆಯ ಸಿಎಸ್‌ಎಸ್ ವಿಧಾನ ಬಳಸಿ ಕಲಿಸುವ ಹಳೆಯ ವಿಡಿಯೊ ಸಿಕ್ಕರೆ ಅಲ್ಲೇ ನಿಲ್ಲಿಸಿ. 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆಲ್ಲ ಗ್ರಿಡ್ ಬಂದ ಮೇಲೆ ಆ ಕಸರತ್ತು ಬೇಕಿಲ್ಲ. ಸಂದೇಹ ಬಂದಾಗ ಇವನ್ನೆಲ್ಲ ವಿವರಿಸುವ ಎಂಡಿಎನ್ ತಾಣ ನೋಡಿ. ಉಚಿತ, ನಂಬಬಹುದು.

2. ಒಂದು ಫಾರ್ಮ್ ಮಾಡಿ

ಹೊಸಬರೆಲ್ಲ ಮುಖಪುಟದ ದೊಡ್ಡ ಬ್ಯಾನರ್‌ಗೆ ಕೈಹಾಕುತ್ತಾರೆ. ನನ್ನ ಸಲಹೆ ಬೇರೆ. ಹೆಸರು, ಫೋನ್, ಇಮೇಲ್, ಒಂದು ಬಟನ್ ಇರುವ ನೋಂದಣಿ ಫಾರ್ಮ್ ಮಾಡಿ. ಈ ವೃತ್ತಿಗೆ ಬೇಕಾದ ಬಹುಪಾಲು ಕೌಶಲ ಆ ನಾಲ್ಕು ಸಾಲಿನಲ್ಲಿ ಅಡಗಿದೆ.

ಬಾಕ್ಸ್ ಒಳಗೆ ಮಸುಕಾಗಿ ‘ನಿಮ್ಮ ಹೆಸರು’ ಎಂದು ಪ್ಲೇಸ್‌ಹೋಲ್ಡರ್ ಹಾಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ಟೈಪ್ ಮಾಡತೊಡಗಿದ ಕೂಡಲೇ ಅದು ಮಾಯ. ನಡುವೆ ಕರೆ ಬಂದು, ಮಾತು ಮುಗಿಸಿ ಮರಳಿದವರಿಗೆ ಯಾವ ಬಾಕ್ಸ್ ಯಾವುದಕ್ಕೆ ಎಂದೇ ತಿಳಿಯುವುದಿಲ್ಲ. ಬಾಕ್ಸ್ ಯಾವುದಕ್ಕೆಂದು ಹೇಳುವ ಲೇಬಲ್ ಬಾಕ್ಸ್‌ನ ಮೇಲಿರಲಿ, ಎಚ್‌ಟಿಎಂಎಲ್‌ನ ಲೇಬಲ್ ಟ್ಯಾಗ್‌ನಲ್ಲೇ ಬರೆದು ಅದೇ ಬಾಕ್ಸ್‌ಗೆ ಜೋಡಿಸಿರಲಿ. ಆಗ ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಬೆರಳು ಲೇಬಲ್‌ಗೆ ತಗುಲಿದರೂ ಕರ್ಸರ್ ಬಾಕ್ಸ್ ಒಳಗೇ ಹೋಗಿ ಕೂರುತ್ತದೆ. ಫೋನ್ ನಂಬರಿನ ಇನ್‌ಪುಟ್‌ಗೆ ‘ಟೆಲ್’ ಎಂಬ ಟೈಪ್ ಕೊಟ್ಟರೆ ಮೊಬೈಲ್‌ನಲ್ಲಿ ಅಂಕಿಗಳ ಕೀಪ್ಯಾಡ್ ತಾನಾಗಿ ಬರುತ್ತದೆ.

ಇನ್ನು ತಪ್ಪು ಹಿಡಿಯುವ ಕೆಲಸ. ‘ಅಮಾನ್ಯ ಮಾಹಿತಿ’ ಎಂದು ಕೆಂಪಕ್ಷರದಲ್ಲಿ ಗದರಿಸಿದರೆ ಯಾರಿಗೆ ಏನು ತಿಳಿಯಿತು? ‘ಫೋನ್ ನಂಬರಿನಲ್ಲಿ ಒಂದು ಅಂಕಿ ಕಡಿಮೆ ಇದೆ’ ಎನ್ನಿ, ಅದೇ ಬಾಕ್ಸ್‌ನ ಕೆಳಗೇ ಹೇಳಿ. ಒಂದು ತಪ್ಪಿಗಾಗಿ ತುಂಬಿದ್ದನ್ನೆಲ್ಲ ಅಳಿಸಿಹಾಕುವ ಫಾರ್ಮ್‌ಗಳಿಗೆ ಕ್ಷಮೆಯಿಲ್ಲ.

ಕೊನೆಗೆ ಮೌಸ್ ಪಕ್ಕಕ್ಕಿಡಿ. ಬರೀ ಟ್ಯಾಬ್ ಕೀಲಿ ಒತ್ತುತ್ತ ಬಟನ್‌ವರೆಗೆ ಹೋಗಲು ಆಗುತ್ತದೆಯೇ? ಈಗ ಯಾವ ಬಾಕ್ಸ್‌ನಲ್ಲಿದ್ದೇವೆ ಎಂದು ಕಾಣುತ್ತದೆಯೇ? ಅದನ್ನು ತೋರಿಸುವ ಗೆರೆ ಚೆಂದ ಕಾಣದೆಂದು ಸಿಎಸ್‌ಎಸ್‌ನಲ್ಲಿ ತೆಗೆದುಹಾಕುವ ಚಾಳಿ ಹಲವರಿಗಿದೆ. ತೆಗೆಯಬೇಡಿ.

3. ಕಣ್ಣು ಪಳಗಿಸಿ

ಚಿತ್ರ ಬಿಡಿಸಲು ಬರುವುದಿಲ್ಲ, ನನಗೆ ಇದು ಒಗ್ಗೀತೇ ಎಂಬ ಅಳುಕು ಬೇಡ. ಪುಟದ ಬಹುಪಾಲು ಅಕ್ಷರವೇ. ಅಕ್ಷರದ ಗಾತ್ರ, ಸಾಲುಗಳ ಅಂತರ, ಸುತ್ತಲಿನ ಖಾಲಿ ಜಾಗ ಈ ಮೂರು ಹದಕ್ಕೆ ಬಂದರೆ ಪುಟ ಅರ್ಧ ಗೆದ್ದಂತೆ. ರೋಮನ್ ಲಿಪಿಗೆಂದು ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಉಳಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಂತರ ಸ್ವಲ್ಪ ಹೆಚ್ಚಿಸಿ. ಬಣ್ಣದ ವಿಚಾರದಲ್ಲಿ ಅಂದಾಜು ಬೇಡ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಸಾಮಾನ್ಯ ಬರಹಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕೆಂಬುದು, ವೆಬ್ ಎಲ್ಲರಿಗೂ ಬಳಸಲಾಗುವಂತಿರಲು ರೂಪಿಸಿದ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ಎಎ ಹಂತದ ಅಳತೆ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲೇ ಇದನ್ನು ಪರೀಕ್ಷಿಸಬಹುದು. ಬಿಳಿಯ ಮೇಲೆ ತಿಳಿಬೂದು ಅಕ್ಷರ ನಿಮ್ಮ ಹೊಸ ಮಾನಿಟರ್‌ನಲ್ಲಿ ಸೊಗಸು, ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೆ ಬರೀ ಬಿಳಿ ಹಾಳೆ.

4. ಸಣ್ಣ ಪರದೆ, ನಿಧಾನದ ನೆಟ್

ಒಂದೇ ಪುಟ ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ರೆಸ್ಪಾನ್ಸಿವ್ ವಿನ್ಯಾಸಕ್ಕೆ 2010ರಲ್ಲಿ ವೆಬ್ ಡಿಸೈನರ್ ಈಥನ್ ಮಾರ್ಕಾಟ್ ಆ ಹೆಸರಿಟ್ಟರು. ಈಗ ಅದು ವಿಶೇಷ ಅರ್ಹತೆಯಲ್ಲ, ಇರಲೇಬೇಕಾದದ್ದು. ಮೊಬೈಲ್‌ಗೆ ಮೊದಲು ಮಾಡಿ, ದೊಡ್ಡ ಪರದೆಗೆ ಆಮೇಲೆ ಹರಡಿ. ಪುಟ ಭಾರವಾಗುವುದು ಹೆಚ್ಚಾಗಿ ಚಿತ್ರಗಳಿಂದ. ಕ್ಯಾಮೆರಾದಿಂದ ಬಂದ ಫೋಟೊವನ್ನು ಹಾಗೇ ಹಾಕದೆ ಗಾತ್ರ ಕುಗ್ಗಿಸಿ, ಕಡಿಮೆ ತೂಕದ ವೆಬ್‌ಪಿ ಫೈಲ್ ಮಾದರಿಗೆ ಬದಲಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಮಿತಿ. ಕ್ರೋಮ್ ಬ್ರೌಸರ್‌ನಲ್ಲೇ ಇರುವ ಲೈಟ್‌ಹೌಸ್ ಟೂಲ್‌ನಲ್ಲಿ ಅಳೆದು ನೋಡಿ.

5. ಜಾವಾಸ್ಕ್ರಿಪ್ಟ್ ಎಷ್ಟು?

ಜಾವಾಸ್ಕ್ರಿಪ್ಟ್ ಪುಟಕ್ಕೆ ಚಟುವಟಿಕೆ ತುಂಬುವ ಭಾಷೆ. ಮೆನು ತೆರೆಯುವುದು, ಫಾರ್ಮ್ ಪರಿಶೀಲಿಸುವುದು, ಇಷ್ಟು ಬಂದರೆ ಡಿಸೈನರ್‌ಗೆ ಸದ್ಯಕ್ಕೆ ಸಾಕು. ರಿಯಾಕ್ಟ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಫ್ರಂಟ್‌ಎಂಡ್ (ಬಳಕೆದಾರರಿಗೆ ಕಾಣುವ ಭಾಗದ ಪ್ರೋಗ್ರಾಮಿಂಗ್) ಕಡೆ ಹೋಗುವವರಿಗೆ. ಫಿಗ್ಮಾ ಕಲಿಯಲೂ ಇದೇ ಹೊತ್ತು. ಸಿಎಸ್‌ಎಸ್ ಗೊತ್ತಿದ್ದವರಿಗೆ ಅದು ಬೇಗ ಹತ್ತುತ್ತದೆ.

ಎಐ ಟೂಲ್‌ಗಳು ಕ್ಷಣದಲ್ಲಿ ಪುಟ ಕಟ್ಟಿಕೊಡುತ್ತವಲ್ಲ ಎಂದು ಕೇಳಬಹುದು. ಕೊಡುತ್ತವೆ. ಆ ಪುಟವನ್ನು ಟ್ಯಾಬ್ ಕೀಲಿಯಲ್ಲಿ ನಡೆಸಿ ನೋಡಿ, ಎಲ್ಲಿ ಎಡವುತ್ತದೆ ಎಂದು ಹೇಳಬಲ್ಲವರಿಗೆ ಕೆಲಸ ಇದ್ದೇ ಇರುತ್ತದೆ.

6. ಕೆಲಸ ತೋರಿಸಿ, ಕೆಲಸ ಹಿಡಿಯಿರಿ

ಪೋರ್ಟ್‌ಫೋಲಿಯೊದಲ್ಲಿ ಮೂರು ಕೆಲಸ ಸಾಕು. ಆದರೆ ಪ್ರತಿಯೊಂದರ ಪಕ್ಕ ನಾಲ್ಕು ಸಾಲು ಬರೆಯಿರಿ: ಯಾರಿಗಾಗಿ ಮಾಡಿದ್ದು, ಏನು ತೊಡಕಿತ್ತು, ಯಾವುದನ್ನು ಬಿಟ್ಟಿರಿ, ಯಾಕೆ. ಸಂದರ್ಶನದಲ್ಲಿ ಕೆದಕುವುದು ಆ ‘ಯಾಕೆ’ಯನ್ನೇ. ಗಿಟ್‌ಹಬ್ ಪೇಜಸ್ ಎಂಬ ಸೇವೆಯಲ್ಲಿ ಖರ್ಚಿಲ್ಲದೆ ಇವನ್ನು ಪ್ರಕಟಿಸಬಹುದು.

ಫ್ರೀಲಾನ್ಸ್ ಹಿಡಿಯುವುದಾದರೆ ಡಿಸೈನ್‌ಗಿಂತ ಮೊದಲು ಮಾತುಕತೆ ಪಕ್ಕಾ ಆಗಲಿ. ಬರಹ, ಫೋಟೊ ಯಾರು ಕೊಡುತ್ತಾರೆ, ಯಾವಾಗ? ಕೆಲಸ ತಡವಾಗುವುದು ಬಹಳ ಸಲ ಇಲ್ಲೇ. ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು, ತಾಣ ಶುರುವಾದ ಮೇಲೆ ನೋಡಿಕೊಳ್ಳುವವರು ಯಾರು, ಎಲ್ಲವೂ ಬರಹದಲ್ಲಿರಲಿ. ಡೊಮೈನ್ (ತಾಣದ ವಿಳಾಸ) ಮತ್ತು ಹೋಸ್ಟಿಂಗ್ (ತಾಣ ಇಡುವ ಜಾಗ) ಖಾತೆಗಳನ್ನು ಗ್ರಾಹಕರ ಹೆಸರಿನಲ್ಲೇ, ಅವರ ಇಮೇಲ್‌ನಲ್ಲೇ ತೆರೆಸಿ. ಅವು ನಿಮ್ಮ ಹೆಸರಿನಲ್ಲಿದ್ದು, ನವೀಕರಣದ ದಿನ ಮರೆತು ತಾಣ ಮುಚ್ಚಿಹೋದರೆ ನಡುರಾತ್ರಿ ಫೋನ್ ಬರುವುದು ನಿಮಗೇ.