‘ದೊಡ್ಡ’ ಪದಕ್ಕೆ ಐದು ಹಗ್ಗ: ನನ್ನ ಅನುಭವ

ಬಿಗ್, ಲಾರ್ಜ್, ಗ್ರೇಟ್, ಹ್ಯೂಜ್‌ನಲ್ಲಿ ಯಾವುದು ಎಲ್ಲಿ ಅಂತ ಮಕ್ಕಳಿಗೆ ಕಲಿಸಲು ಮೂರು ವರ್ಷ ಒದ್ದಾಡಿದ ಮೇಲೆ ಈ ಸಲ ಕೈ ಹಿಡಿಯಿತು, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷ್ ಪಾಠ ಮಾಡುವವರಿಗೆ ಸಿನೊನಿಮ್ (ಸಮಾನಾರ್ಥಕ ಪದ) ಪಟ್ಟಿಯ ಕಷ್ಟ ಗೊತ್ತೇ ಇದೆ. ಬಿಗ್ ಅಂದರೆ ಲಾರ್ಜ್, ಗ್ರೇಟ್, ಹ್ಯೂಜ್ ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಒಂದು ಮಾರ್ಕ್ಸ್ ಬರುತ್ತದೆ. ವಾಕ್ಯ ಮಾಡಿ ಅಂದರೆ ‘ವಿಶ್ವೇಶ್ವರಯ್ಯ ವಾಸ್ ಎ ಲಾರ್ಜ್ ಇಂಜಿನಿಯರ್’ ಅಂತ ಬರೆದು ತರುತ್ತಾರೆ. ಅದು ಮಕ್ಕಳ ತಪ್ಪಲ್ಲ. ನಾಲ್ಕೂ ಪದದ ಎದುರಿಗೆ ‘ದೊಡ್ಡ’ ಅಂತ ಒಂದೇ ಅರ್ಥ ಬರೆಸಿದವಳು ನಾನು.

ಮೊದಲು ದುಡ್ಡು ಕಳೆದುಕೊಂಡ ವಿಷಯ. ಮೊದಲ ವರ್ಷ ಬಣ್ಣದ ಫ್ಲ್ಯಾಶ್ ಕಾರ್ಡ್ ಮಾಡಿಸಿದೆ, ಲ್ಯಾಮಿನೇಶನ್ ಸೇರಿ 1,800ರ ಹತ್ತಿರ ಆಯಿತು. ಮಕ್ಕಳು ಆಟ ಚೆನ್ನಾಗಿ ಆಡಿದರು, ವಾಕ್ಯ ಮಾತ್ರ ಇದ್ದಲ್ಲೇ ಇತ್ತು. ಮರುವರ್ಷ ಗೋಡೆಗೆ ಫ್ಲೆಕ್ಸ್, ಸುಮಾರು 900. ಒಂದು ಆ್ಯಪ್‌ಗೆ ವರ್ಷದ ಚಂದಾನೂ ಕಟ್ಟಿದೆ, ಅದು ಸಾವಿರದ ಮೇಲೆ. ಒಂದು ಪದ ಕೇಳಿದರೆ ಇಪ್ಪತ್ತು ಪದ ಸುರಿಯುತ್ತಿತ್ತು, ಯಾವುದು ಎಲ್ಲಿ ಕೂರುತ್ತದೆ ಅಂತ ಒಂದು ಮಾತು ಹೇಳುತ್ತಿರಲಿಲ್ಲ. ಎಲ್ಲ ಸೇರಿ ನಾಲ್ಕು ಸಾವಿರ ನನ್ನ ಕೈಯಿಂದಲೇ ಹೋಗಿರಬೇಕು.

ದಾರಿ ತೋರಿಸಿದ್ದು ಕನ್ನಡವೇ. ನಮ್ಮ ಊರು ಚನ್ನರಾಯಪಟ್ಟಣದ ಕಡೆ, ಶ್ರವಣಬೆಳಗೊಳ ಹತ್ತಿರ. ಮಕ್ಕಳನ್ನು ಬೆಟ್ಟ ಹತ್ತಿಸಿದಾಗ, ಬರಿಗಾಲಲ್ಲಿ ಹತ್ತಬೇಕಲ್ವಾ, ಒಬ್ಬ ಹುಡುಗ ಎಡವಿ ಕೂತುಬಿಟ್ಟ. ‘ಹೆಬ್ಬೆಟ್ಟಿಗೆ ಏಟಾಯ್ತು ಮಿಸ್’ ಅಂದ. ದೊಡ್ಡ ಬೆಟ್ಟಿಗೆ ಅಂತ ಯಾಕೆ ಅನ್ನಲಿಲ್ಲ ಅಂತ ಸುಮ್ನೆ ಕೇಳಿದೆ. ‘ಹಂಗೆ ಯಾರಂತಾರೆ ಮಿಸ್?’ ಅಂದ. ಆಗ ಹೊಳೆಯಿತು. ಹೆಬ್ಬಾವಿಗೆ ಯಾರೂ ಮಹಾಹಾವು ಅನ್ನುವುದಿಲ್ಲ, ಮಹಾದ್ವಾರಕ್ಕೆ ದೊಡ್ಡದ್ವಾರ ಅನ್ನುವುದಿಲ್ಲ, ದೊಡ್ಡಪ್ಪನನ್ನು ಹಿರಿಯಪ್ಪ ಅಂತ ನಮ್ಮ ಕಡೆ ಕರೆಯುವುದಿಲ್ಲ. ಒಂದೊಂದಕ್ಕೂ ಅದರದೇ ಜೋಡಿ ಇದೆ, ಮಕ್ಕಳಿಗೆ ಯಾರೂ ಕಲಿಸದೇ ಅದು ಗೊತ್ತು. ಕಾಲಿನ ಹೆಬ್ಬೆಟ್ಟು ಇಂಗ್ಲಿಷಿನಲ್ಲಿ ಬಿಗ್ ಟೋ, ಲಾರ್ಜ್ ಟೋ ಅಲ್ಲ. ಅಲ್ಲಿಂದಲೇ ಶುರು ಮಾಡಿದೆ.

ತರಗತಿಯಲ್ಲಿ ಐದು ಹಗ್ಗ ಕಟ್ಟಿದೆ. ನಾಲ್ಕಕ್ಕೆ ಬಿಗ್, ಲಾರ್ಜ್, ಗ್ರೇಟ್, ಹ್ಯೂಜ್ ಅಂತ ಹೆಸರು, ಐದನೆಯದಕ್ಕೆ ಹೆಸರಿಲ್ಲ, ಆ ನಾಲ್ಕರಲ್ಲೂ ಕೂರದ್ದು ಅದಕ್ಕೆ. ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ‘ದೊಡ್ಡ’ ಅಂತ ಕೇಳಿದ ಮಾತನ್ನೆಲ್ಲ ಚೀಟಿಯಲ್ಲಿ ಬರೆದು ತರಬೇಕು, ಸರಿಯಾದ ಹಗ್ಗಕ್ಕೆ ಕ್ಲಿಪ್ ಹಾಕಬೇಕು. ಚೀಟಿಗೆ ಲಗ್ನಪತ್ರಿಕೆ ಪ್ರೆಸ್‌ನವರು ಉಳಿದ ಕಾಗದ ಪುಕ್ಕಟೆ ಕೊಟ್ಟರು. ಹಗ್ಗ, ಕ್ಲಿಪ್ ಸೇರಿ 150 ರೂಪಾಯಿ ದಾಟಲಿಲ್ಲ.

ಎಲ್ಲಕ್ಕಿಂತ ಬೇಗ ತುಂಬಿದ್ದು ಹೆಸರಿಲ್ಲದ ಹಗ್ಗ! ದೊಡ್ಡ ಮಳೆ, ಅದು ಹೆವಿ ರೇನ್. ದೊಡ್ಡ ದನಿ, ಲೌಡ್ ವಾಯ್ಸ್. ದೊಡ್ಡಕ್ಷರ, ಕ್ಯಾಪಿಟಲ್ ಲೆಟರ್. ದೊಡ್ಡಮ್ಮನಿಗೆ ಬಿಗ್ ಮದರ್ ಅಂತ ಬರೆದಿದ್ದ ಹುಡುಗಿ ತಾನೇ ಎದ್ದು ಬಂದು ಚೀಟಿ ಬದಲಾಯಿಸಿದಳು, ಆಂಟ್ ಅಂತ. ಉಳಿದವು ಆಮೇಲೆ ತಾವಾಗಿ ಕೂತವು. ಮಿಸ್ಟೇಕ್, ಡಿಸಿಷನ್ ಬಿಗ್‌ಗೆ. ನಂಬರ್, ಅಮೌಂಟ್ ಲಾರ್ಜ್‌ಗೆ. ಕವಿ, ಇಂಜಿನಿಯರ್ ಗ್ರೇಟ್‌ಗೆ. 57 ಅಡಿಯ ಗೊಮ್ಮಟ ಹ್ಯೂಜ್‌ಗೆ. ‘ವೆರಿ ಹ್ಯೂಜ್’ ಯಾಕೆ ಬೇಡ ಅಂತ ಕೇಳಿದಾಗ, ‘ತುಂಬಾ ಹೆಮ್ಮರ ಅಂತೀರಾ?’ ಅಂದೆ, ಅಷ್ಟಕ್ಕೇ ಅರ್ಥವಾಯಿತು. ಅನುಮಾನ ಬಂದ ಜೋಡಿಯನ್ನು ನಾನು ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಹುಡುಕುತ್ತೇನೆ, ಸುಮಾರು 10 ಕೋಟಿ ಪದಗಳ ಸಂಗ್ರಹ, ಹುಡುಕಲು ದುಡ್ಡು ಬೇಕಿಲ್ಲ.

ಸ್ಟಾಫ್ ರೂಮಿನಲ್ಲಿ ಯಾರೂ ನಂಬಿರಲಿಲ್ಲ. ‘ಒಂದೇ ಪದಕ್ಕೆ ಮೂರು ವಾರ ಕೊಟ್ಟರೆ ಪೋರ್ಷನ್ ಯಾವಾಗ ಮುಗಿಸ್ತೀರಾ ಮೇಡಂ?’ ಅಂತ ಹಿರಿಯ ಮೇಷ್ಟ್ರು ಎಲ್ಲರ ಎದುರಿಗೇ ಕೇಳಿದರು. ಬೇಜಾರಾಗಿತ್ತು. ಒಂಬತ್ತನೇ ತರಗತಿಯಲ್ಲಿ 38 ಮಕ್ಕಳು. ಶುರುವಿನಲ್ಲಿ ಹತ್ತು ವಾಕ್ಯದಲ್ಲಿ ಏಳು ಸರಿ ಬರೆದವರು ನಾಲ್ಕೋ ಐದೋ ಜನ. ಒಂದೂವರೆ ತಿಂಗಳ ನಂತರ, ಹೇಳದೇ ಕೇಳದೇ ಕೊಟ್ಟ ಟೆಸ್ಟ್‌ನಲ್ಲಿ 27 ಜನ. ಆ ಪೇಪರುಗಳನ್ನು ಅದೇ ಮೇಷ್ಟ್ರ ಕೈಗೆ ಕೊಟ್ಟೆ. ಕೂತು ಪೂರ್ತಿ ನೋಡಿದರು, ಮರುದಿನ ಎಂಟನೇ ತರಗತಿಗೂ ಹಗ್ಗ ಕಟ್ಟಿಸಿ ಅಂದರು. ನನ್ನ ಪ್ರಕಾರ ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಈ ನಾಲ್ಕು ಪದವನ್ನು ಇಷ್ಟು ಸರಿಯಾಗಿ ಬಳಸುವ ಇನ್ನೊಂದು ತರಗತಿ ಇಲ್ಲ.

ಯಾವ ಚೀಟಿ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ತಿದ್ದಿ ತಿದ್ದಿ ಮಾಡಿಕೊಂಡದ್ದು, ನಮ್ಮ ಶಾಲೆಗೆ ಬಂದವರಿಗೆ ಕೂರಿಸಿಕೊಂಡು ತೋರಿಸುತ್ತೇನೆ.

ನಡುವೆ ‘ಹಾಕು’ ಪದಕ್ಕೂ ಇದನ್ನೇ ಮಾಡಿ ಸೋತೆ. ಲೈಟ್ ಹಾಕು, ಬೀಗ ಹಾಕು, ಓಟು ಹಾಕು, ರಂಗೋಲಿ ಹಾಕು, ಬಟ್ಟೆ ಹಾಕು. ಹದಿನಾಲ್ಕು ಹಗ್ಗ ಆದರೂ ಮುಗಿಯಲಿಲ್ಲ, ಮಕ್ಕಳ ತಲೆಗೆ ಹಗ್ಗ ತಾಗುತ್ತಿತ್ತು, ಬಿಚ್ಚಿಬಿಟ್ಟೆ. ‘ನೋಡು’ ಪರವಾಗಿಲ್ಲ ಅನ್ನಿಸುತ್ತಿದೆ. ಸೀ, ಲುಕ್, ವಾಚ್ ಮೂರು ಹಗ್ಗ, ಜೊತೆಗೆ ಹೆಸರಿಲ್ಲದ್ದೊಂದು. ಅದಕ್ಕೆ ಬಿದ್ದ ಮೊದಲ ಚೀಟಿ ‘ತಿಂದು ನೋಡು’.