ಪಿಕಪ್ ಗಾಡಿಯ ಬಾಲ್ ಜಾಯಿಂಟ್: ನಾನೇ ಬಿಚ್ಚಿ ಹಾಕಿದ್ದು

ನನ್ನದು ನರ್ಸರಿ ವ್ಯಾಪಾರ. ಗಿಡ, ಕುಂಡ, ಕೆಮ್ಮಣ್ಣು, ಗೊಬ್ಬರದ ಚೀಲ ಎಲ್ಲ ಮಾಗಡಿ ರಸ್ತೆಯಿಂದ ಸರ್ಜಾಪುರ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಿಗೆ ಹೋಗುವುದು ನನ್ನ ಹಳೇ ಪಿಕಪ್‌ನಲ್ಲೇ. ಹಿಂದೆ ಮಣ್ಣಿನ ಲೋಡು, ಮುಂದೆ ಬೆಂಗಳೂರಿನ ಗುಂಡಿ, ಗಲ್ಲಿಗೊಂದು ಹಂಪು. ಮುಂದಿನ ಸಸ್ಪೆನ್ಷನ್ ಸವೆಯದೆ ಇನ್ನೇನಾಗುತ್ತೆ ಹೇಳಿ?

ಮೊದಲು ಬಂದದ್ದು ಶಬ್ದ. ನಿಧಾನಕ್ಕೆ ಹಂಪು ಇಳಿಯುವಾಗ ಬಲಗಡೆ ಮುಂದೆ 'ಟಕ್' ಅನ್ನುತ್ತಿತ್ತು. ಆಮೇಲೆ ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ತಿರುಗಿಸಿದರೆ ಕಿರ್ರ್ ಅನ್ನತೊಡಗಿತು. ಕೊನೆಗೆ ನೈಸ್ ರಸ್ತೆಯಲ್ಲಿ ಸ್ವಲ್ಪ ಸ್ಪೀಡು ಹಿಡಿದರೆ ಗಾಡಿ ಅತ್ತಿತ್ತ ಎಳೆಯೋದು. ಟೈರಿನ ಒಂದು ಅಂಚು ಮಾತ್ರ ಬೋಳಾಗಿತ್ತು. ಒಂದು ಗ್ಯಾರೇಜಿನವರು ಶಾಕ್ ಅಬ್ಸಾರ್ಬರ್ ಅಂದರು, ಇನ್ನೊಬ್ಬರು ವೀಲ್ ಬೇರಿಂಗ್ ಅಂದರು. ಇಬ್ಬರೂ ಗಾಡಿ ನೆಲದ ಮೇಲೆ ನಿಂತಿದ್ದಾಗಲೇ ಚಕ್ರಕ್ಕೆ ಒಂದೆರಡು ಸಲ ಕಾಲಲ್ಲಿ ಒದ್ದು ಹೇಳಿದ್ದು.

ನಿಜವಾದ ತಪ್ಪು ಬಾಲ್ ಜಾಯಿಂಟಿನದು, ಅಂದರೆ ಸಸ್ಪೆನ್ಷನ್ನಿನ ಆರ್ಮನ್ನು (ತೋಳನ್ನು) ಚಕ್ರದ ಕಡೆಗೆ ಸೇರಿಸುವ, ಗೂಡಿನೊಳಗೆ ಗುಂಡು ತಿರುಗುವ ಕೀಲಿನದು. ಅದನ್ನು ಹಾಗೆ ನೋಡಿದರೆ ಏನೂ ಗೊತ್ತಾಗೋದಿಲ್ಲ. ನನ್ನ ಗಾಡಿಯಲ್ಲಿ ಮುಂದೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್. ಜೊತೆಗೆ ಟಾರ್ಷನ್ ಬಾರ್, ಅಂದರೆ ಕಾಯಿಲ್ ಸ್ಪ್ರಿಂಗ್ ಬದಲು ಚಾಸಿ ಉದ್ದಕ್ಕೂ ಒಂದು ಉಕ್ಕಿನ ಸರಳು. ಅದು ತಿರುಚಿಕೊಂಡು ಗಾಡಿಯ ಭಾರ ಹೊರುತ್ತದೆ. ಆ ಸರಳು ಸೇರುವುದು ಲೋಯರ್ ಆರ್ಮ್‌ಗೆ. ಹಾಗಾಗಿ ಭಾರವೆಲ್ಲ ಕೆಳಗಿನ ಬಾಲ್ ಜಾಯಿಂಟ್ ಮೇಲೆ. ಮೇಲಿನದು ಚಕ್ರವನ್ನು ನೆಟ್ಟಗೆ ಹಿಡಿದಿರುತ್ತೆ, ಅಷ್ಟೆ. ಇನ್ನೊಂದು ವಿಷಯ: ಈ ಆರ್ಮ್ ಇರುವುದು ನಕಲ್‌ನ (ಚಕ್ರವನ್ನು ಹೊತ್ತಿರುವ ಉಕ್ಕಿನ ಗಟ್ಟಿಯ) ಕೆಳಗೆ. ಚಕ್ರ ನಕಲನ್ನು ಮೇಲಕ್ಕೆ ಒತ್ತುತ್ತದೆ, ಟಾರ್ಷನ್ ಬಾರ್ ಆರ್ಮನ್ನು ಕೆಳಕ್ಕೆ ಒತ್ತುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಗುಂಡು ಯಾವಾಗಲೂ ತನ್ನ ಗೂಡಿನಿಂದ ಕಿತ್ತು ಬರುವ ಕಡೆಗೇ ಎಳೆದುಕೊಂಡಿರುತ್ತದೆ. ಈ ಎಳೆತ ಇರುವವರೆಗೆ ಎಷ್ಟು ಸವೆದಿದ್ದರೂ ಬಿಗಿಯಾಗಿರೋ ಹಾಗೇ ಕಾಣುತ್ತೆ. ಒಂದು ದಿನ ಗುಂಡು ಹೊರಗೆ ಬಂದರೆ ಚಕ್ರ ಮಡಚಿಕೊಂಡು ಗಾಡಿ ಮೂತಿ ನೆಲಕ್ಕೆ ಬಡಿಯುತ್ತದೆ. ರಸ್ತೆ ಪಕ್ಕ ಮುಂದಿನ ಚಕ್ರ ಸೊಟ್ಟಗೆ ಮಲಗಿಸಿಕೊಂಡು ನಿಂತ ಟೆಂಪೋಗಳನ್ನು ನೀವೂ ನೋಡಿರಬೇಕು.

ಹಾಗಾಗಿ ಮೊದಲು ಆ ಭಾರ ತೆಗೆಯಬೇಕು. ಜಾಕನ್ನು ಚಾಸಿಗೆ ಕೊಡದೆ ಲೋಯರ್ ಆರ್ಮ್ ಕೆಳಗೆ, ಜಾಯಿಂಟಿಗೆ ಆದಷ್ಟು ಹತ್ತಿರ ಕೊಟ್ಟು, ಚಕ್ರ ನೆಲದಿಂದ ಸ್ವಲ್ಪ ಮೇಲೇಳುವಷ್ಟು ಎತ್ತಿದೆ. ಟೈರ್ ಕೆಳಗೆ ಹಾರೆ ತೂರಿಸಿ ಮೀಟಿದಾಗ ನಕಲ್ ಕಣ್ಣಿಗೆ ಕಾಣುವ ಹಾಗೆ ಮೇಲೆ ಕೆಳಗೆ ಆಡಿತು. ಬೇರಿಂಗ್ ಅನುಮಾನ ಉಳಿಯಬಾರದಲ್ವಾ? ಅಳಿಯನನ್ನು ಒಳಗೆ ಕೂರಿಸಿ, "ಬ್ರೇಕ್ ಒತ್ತಿ ಹಿಡ್ಕೊಳಪ್ಪ" ಅಂದೆ. ಬ್ರೇಕ್ ಒತ್ತಿದರೆ ಡಿಸ್ಕೂ ನಕಲೂ ಒಂದಾಗುತ್ತವೆ, ಬೇರಿಂಗಿನ ಆಟ ನಿಲ್ಲುತ್ತದೆ. ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲ್ಲಾಡಿಸಿದೆ. ಆಟ ಹಾಗೇ ಇತ್ತು. ಅಲ್ಲಿಗೆ ಬೇರಿಂಗ್ ಲೆಕ್ಕದಿಂದ ಹೊರಗೆ. ಜಾಯಿಂಟಿಗೆ ಹೊದಿಸಿದ ರಬ್ಬರ್ ಬೂಟ್ ಬೆರಳಲ್ಲಿ ಒತ್ತಿದರೆ ಸೀಳಿನಿಂದ ಕೆಂಪು ತುಕ್ಕು ನೀರು ಬಂತು. ಗ್ರೀಸ್ ಅನ್ನೋದೇ ಇರಲಿಲ್ಲ.

ಸಾಮಾನಿಗೆ ಜೆ.ಸಿ. ರಸ್ತೆಗೆ ಹೋದೆ. ಹಳೇ ಜಾಯಿಂಟಿನ ಫೋಟೋ, ಚಾಸಿ ನಂಬರ್ ಎರಡೂ ಇರಲಿ, ಯಾಕೆಂದರೆ ಒಂದೇ ಮಾಡೆಲ್‌ಗೆ ಎರಡು ಸೈಜ್ ಬಂದಿರುತ್ತೆ. "ಒರಿಜಿನಲ್ ಬೇಕಾ ಸಾರ್, ಲೋಕಲ್ ಸಾಕಾ?" ಅಂದರು. ಬ್ರೇಕು, ಸ್ಟೇರಿಂಗು, ಬಾಲ್ ಜಾಯಿಂಟು, ಈ ಮೂರರಲ್ಲಿ ನಾನು ಚೌಕಾಸಿ ಮಾಡೋದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಬಂಪರ್, ಲೈಟ್ ಎಲ್ಲ ಧಾರಾಳವಾಗಿ ಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಬಾಲ್ ಜಾಯಿಂಟ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಹೊಸದನ್ನು ಕೈಯಲ್ಲಿ ಹಿಡಿದು ಸ್ಟಡ್ (ಗುಂಡಿನಿಂದ ಹೊರಗೆ ಚಾಚಿದ ಮೊಳೆ) ತಿರುಗಿಸಿ ನೋಡಿದೆ. ಗಟ್ಟಿಯಾಗಿ, ಎಲ್ಲ ಕಡೆಗೂ ಒಂದೇ ಸಮ ತಿರುಗಬೇಕು. ಇದರಲ್ಲಿ ಗ್ರೀಸ್ ತುಂಬುವ ನಿಪ್ಪಲ್ ಕೂಡ ಇತ್ತು. ಕೆಲವು ಗಾಡಿಗಳಿಗೆ ಜಾಯಿಂಟ್ ಬಿಡಿಯಾಗಿ ಸಿಗೋದಿಲ್ಲ, ಆರ್ಮ್ ಸಮೇತ ತಗೋಬೇಕು. ಕೆಲವಕ್ಕೆ ಬೋಲ್ಟಿನಲ್ಲಿ ಕೂರಿಸಿರುತ್ತಾರೆ, ಅದು ಸುಲಭ. ನನ್ನದು ಪ್ರೆಸ್ ಮಾಡಿ ಕೂರಿಸಿ, ಜಾರದಂತೆ ಸರ್‌ಕ್ಲಿಪ್ (ಉಕ್ಕಿನ ಬಳೆ) ಹಾಕುವ ಜಾತಿ.

ನಾವಿರುವುದು ಕಾಮಾಕ್ಷಿಪಾಳ್ಯದ ಹತ್ತಿರ, ಅಲ್ಲಿ ಲೇತ್ ಅಂಗಡಿಗಳಿಗೆ ಬರವಿಲ್ಲ. ನಮ್ಮ ಬೀದಿಯ ಲೇತ್ ಅಣ್ಣನ ಹತ್ತಿರ ಸಿ ಆಕಾರದ ಸ್ಕ್ರೂ ಪ್ರೆಸ್ ಇತ್ತು, ಆದರೆ ನನ್ನ ಜಾಯಿಂಟಿಗೆ ಹೊಂದುವ ಬಟ್ಟಲು ಇರಲಿಲ್ಲ. ಅವರು ವರ್ನಿಯರ್ ಹಿಡಿದು ಹೊಸ ಜಾಯಿಂಟಿನ ಕಾಲರ್ (ಮೈ ಸುತ್ತ ಹೊರಚಾಚಿದ ಅಂಚು) ಅಳೆದರು. ಸ್ಕ್ರ್ಯಾಪ್ ಮೂಲೆಯಿಂದ ದಪ್ಪ ಪೈಪಿನ ತುಂಡು ಎತ್ತಿಕೊಂಡು ಲೇತಿಗೆ ಹಾಕಿದರು. ಕಾಲರ್ ಒಳಗೆ ಸಲೀಸಾಗಿ ಇಳಿಯುವಷ್ಟು ಅಗಲ, ಎರಡು ಬಾಯಿಯೂ ಸಪಾಟು. ಇನ್ನೊಂದು ತುಂಡಿನಲ್ಲಿ ಜಾಯಿಂಟಿನ ಮೈಯನ್ನು ಮಾತ್ರ ತಳ್ಳುವ ಬಿಲ್ಲೆ ಮಾಡಿದರು. "ಓರೆ ಇದ್ರೆ ಆರ್ಮಿನ ತೂತೇ ಹಾಳಾಗುತ್ತೆ ಗುರು, ಟೈಟ್ ಮಾಡ್ತಾ ಸುತ್ತಲೂ ನೋಡ್ಕೋ" ಅಂದರು. ನನ್ನ ಪ್ರಕಾರ ಇಡೀ ಕೆಲಸದ ಅರ್ಧ ಮುಗಿದದ್ದು ಆ ಬಟ್ಟಲಿನಲ್ಲೇ.

ಬಿಚ್ಚುವ ಮುಂಚೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಬರೆದಿಟ್ಟುಕೊಂಡೆ. ಟಾರ್ಷನ್ ಬಾರ್ ಅಡ್ಜಸ್ಟ್ ಮಾಡುವ ಬೋಲ್ಟ್ ಎಷ್ಟು ಹೊರಗಿದೆ ಅಂತಲೂ ಅಳೆದೆ. ಇದು ಬರೆದಿಲ್ಲದಿದ್ದರೆ ಕೊನೆಗೆ ಗಾಡಿ ಒಂದು ಕಡೆ ವಾಲಿಕೊಂಡು ನಿಲ್ಲುತ್ತೆ. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು, ಹ್ಯಾಂಡ್‌ಬ್ರೇಕ್, ಚಾಸಿಗೆ ಎರಡು ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕುವವರಿಗೆ ನಾನು ಹೇಳೋದು ಏನೂ ಇಲ್ಲ. ಚಕ್ರ ಪೂರ್ತಿ ಜೋತುಬಿದ್ದ ಮೇಲೆ ಟಾರ್ಷನ್ ಬೋಲ್ಟ್ ಸಡಿಲಿಸಿದೆ. ಗಾಡಿ ನೆಲದ ಮೇಲಿದ್ದಾಗ ಆ ಬೋಲ್ಟಿಗೆ ಕೈ ಹಾಕಬೇಡಿ, ಹೊರೆಯೆಲ್ಲ ಅದರ ಮೇಲಿರುತ್ತೆ.

ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಬಿಚ್ಚಿ ತಂತಿಯಲ್ಲಿ ಚಾಸಿಗೆ ಕಟ್ಟಿದೆ. ಬ್ರೇಕ್ ಹೋಸ್‌ನಲ್ಲಿ ನೇತಾಡಬಾರದು. ಸ್ಟಡ್ಡಿನ ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ತುಕ್ಕು ಹಿಡಿದು ತುಂಡಾಗಿ ಬಂತು. ಆ ದೊಡ್ಡ ನಟ್ಟನ್ನು ಸಡಿಲಿಸಿದೆ, ಆದರೆ ಪೂರ್ತಿ ತೆಗೆಯದೆ ಕೆಲವು ಸುತ್ತು ಹಾಗೇ ಬಿಟ್ಟೆ. ಸ್ಟಡ್ ದಿಢೀರಂತ ಬಿಟ್ಟುಕೊಂಡರೆ ಆರ್ಮ್ ಕೆಳಗೆ ಹಾರದೆ ಆ ನಟ್ಟಿನಲ್ಲೇ ನಿಲ್ಲಲಿ ಅಂತ. ಜಾಕ್ ಕೂಡ ಆರ್ಮ್ ಕೆಳಗೆ ಒಂದು ಬೆರಳು ಜಾಗ ಬಿಟ್ಟು ಕಾಯುತ್ತಿತ್ತು.

ಸ್ಟಡ್ ಬಿಡಿಸೋದರಲ್ಲಿ ಜನ ಜಾಸ್ತಿ ಒದ್ದಾಡುತ್ತಾರೆ. ಸ್ಟಡ್ ಟೇಪರ್ ಆಗಿರುತ್ತದೆ, ಅಂದರೆ ತುದಿಗೆ ಹೋದಂತೆ ಸಣ್ಣ. ನಕಲಿನ ತೂತೂ ಟೇಪರ್. ಬಿಗಿದಷ್ಟೂ ಬೆಣೆಯ ಹಾಗೆ ಕಚ್ಚಿಕೊಳ್ಳುತ್ತದೆ. ಸ್ಟಡ್ ತುದಿಗೆ ಕೆಳಗೆ ಬರಲಿ ಅಂತ ಹೊಡೆದರೆ ಥ್ರೆಡ್ ಅರಳುತ್ತೆ ಅಷ್ಟೆ. ಹೊಡೆಯಬೇಕಾದದ್ದು ನಕಲಿನಲ್ಲಿ ತೂತಿರುವ ಕಿವಿಗೆ, ಪಕ್ಕದಿಂದ. ಎದುರು ಬದಿಗೆ ಒಂದು ಭಾರದ ಸುತ್ತಿಗೆ ಒತ್ತಿ ಹಿಡಿದು, ಈ ಬದಿಯಿಂದ ಇನ್ನೊಂದರಲ್ಲಿ ಜೋರಾಗಿ ಬಡಿದೆ. ಆ ಪೆಟ್ಟಿಗೆ ತೂತು ಕ್ಷಣಮಾತ್ರ ಅಂಡಾಕಾರಕ್ಕೆ ತಿರುಗಿ ಹಿಡಿತ ಬಿಡುತ್ತದೆ. ಸುಮ್ನೆ ಸಣ್ಣ ಸಣ್ಣದಾಗಿ ತಟ್ಟಿದರೆ ಪ್ರಯೋಜನವಿಲ್ಲ. 'ಢಣ್' ಅಂತ ಬಿಟ್ಟಿತು, ಆರ್ಮ್ ನಟ್ಟಿನ ಮೇಲೆ ಕೂತಿತು. ಜಾಕನ್ನು ತಾಗಿಸಿ, ನಟ್ ತೆಗೆದು, ಮೆಲ್ಲಗೆ ಇಳಿಸಿದೆ. ನಕಲನ್ನು ತಂತಿ ಕಟ್ಟಿ ಪಕ್ಕಕ್ಕೆ ಎಳೆದುಕೊಂಡೆ. ಕೆಲವರು ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸುತ್ತಾರೆ. ಪಕ್ಕದಲ್ಲೇ ಬೇರಿಂಗಿನ ಗ್ರೀಸು, ಸೀಲು ಇರುತ್ತೆ, ಉಕ್ಕಿನ ಹದವೂ ಕೆಡುತ್ತೆ. ನನಗಂತೂ ಬೇಡ.

ಸರ್‌ಕ್ಲಿಪ್ ತೆಗೆದೆ. ನನ್ನ ಗಾಡಿಯಲ್ಲಿ ಕಾಲರ್ ಕೆಳಗಡೆ ಇದೆ, ಅಂದರೆ ಜಾಯಿಂಟ್ ಕೆಳಗಿನಿಂದ ಒಳಗೆ ಹೋಗಿರುವುದು. ತೆಗೆಯುವಾಗ ಕೆಳಕ್ಕೇ ತಳ್ಳಬೇಕು. ಬಟ್ಟಲು ಕೆಳಗೆ, ಬಿಲ್ಲೆ ಮೇಲೆ. ಸ್ಕ್ರೂ ಮೊದಲು ಅಲುಗಲೇ ಇಲ್ಲ, ಪಾನಾಗೆ ಪೈಪ್ ತೂರಿಸಿ ಎಳೆದಾಗ ಪಟಾಕಿ ಹೊಡೆದಂತೆ ಸದ್ದಾಗಿ ಸರಿಯಿತು. ತೂತನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತುಕ್ಕು ತೆಗೆದೆ.

ಹೊಸ ಜಾಯಿಂಟ್ ರಾತ್ರಿಯೆಲ್ಲ ಫ್ರೀಜರ್‌ನಲ್ಲಿತ್ತು. ಮನೆಯವರ ಹತ್ತಿರ ಬೈಸಿಕೊಂಡದ್ದು ಬೇರೆ ಮಾತು. ಲೆಕ್ಕ ಹಾಕಿದರೆ 45 ಎಂ.ಎಂ. ಉಕ್ಕು 28 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದಾಗ ಕುಗ್ಗುವುದು ಸುಮಾರು 0.025 ಎಂ.ಎಂ. ಅಷ್ಟೆ. ತಾನಾಗೇ ಜಾರಿ ಹೋಗೋದಿಲ್ಲ, ಆದರೆ ನೆಟ್ಟಗೆ ಬಾಯಿಗೆ ಕೂರಲು ಅಷ್ಟೂ ಉಪಕಾರವೇ. ಲೇತ್ ಅಣ್ಣ ಹೇಳಿದ ಹಾಗೆ ಸುತ್ತಲೂ ಸಂದು ನೋಡುತ್ತಾ, ಕಾಲರ್ ಆರ್ಮಿಗೆ ಒತ್ತಿ ನಿಲ್ಲುವವರೆಗೆ ಬಿಗಿದೆ. ತೂತು ದೊಡ್ಡದಾಗಿ ಜಾಯಿಂಟ್ ಸಡಿಲ ಕೂತರೆ ಎರಡು ಕಡೆ ವೆಲ್ಡಿಂಗ್ ಚುಕ್ಕೆ ಇಡುವ ಅಭ್ಯಾಸ ಇಲ್ಲಿ ಇದೆ. ಹಾಗೆ ಮಾಡಬೇಡಿ. ಆ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಲೈನರ್ ಕರಗಿ ಹೊಸ ಜಾಯಿಂಟೇ ಹಳೇದಾಗುತ್ತೆ. ತೂತು ದೊಡ್ಡದಾಗಿದ್ದರೆ ಆರ್ಮೇ ಬದಲಿಸಿ.

ಜೋಡಿಸುವಾಗ ಟೇಪರ್ ಎರಡನ್ನೂ ಒಣಬಟ್ಟೆಯಲ್ಲಿ ಒರೆಸಿದೆ. ಅಲ್ಲಿಗೆ ಗ್ರೀಸ್ ಹಚ್ಚಬಾರದು, ಒಣಗಿದ್ದರೇ ಕಚ್ಚೋದು. ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿದೆ. ಸಂಖ್ಯೆ ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಮ್ಯಾನ್ಯುಯಲ್ ನೋಡಿಕೊಳ್ಳಿ. ಪಿನ್ನಿನ ತೂತು ನಟ್ಟಿನ ಸೀಳಿಗೆ ಕೂಡಿ ಬರದಿದ್ದರೆ ಇನ್ನಷ್ಟು ಮುಂದಕ್ಕೆ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು. ಪಿನ್ ಹೊಸದೇ ಹಾಕಿದೆ, ಕೆಲವೇ ರೂಪಾಯಿಯ ವಸ್ತು. ಗ್ರೀಸ್ ಗನ್ನಿನಲ್ಲಿ ಬೂಟ್ ಸ್ವಲ್ಪ ಉಬ್ಬುವವರೆಗೆ ಮಾತ್ರ ತುಂಬಿದೆ.

ಟಾರ್ಷನ್ ಬೋಲ್ಟನ್ನು ಮೊದಲಿನ ಅಳತೆಗೆ ತಂದು, ಗಾಡಿ ಇಳಿಸಿ, ಸುಂಕದಕಟ್ಟೆಯವರೆಗೆ ಒಂದು ಸುತ್ತು ಹೊಡೆದು ಬಂದು ಎತ್ತರ ಮತ್ತೆ ಅಳೆದೆ. ಎತ್ತಿ ಇಳಿಸಿದ ತಕ್ಷಣ ಅಳೆದರೆ ತಪ್ಪು ತೋರಿಸುತ್ತೆ, ಸಸ್ಪೆನ್ಷನ್ ಕೂರಲು ಸ್ವಲ್ಪ ಓಡಬೇಕು. ವೀಲ್ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿದೆ. ಅಲೈನ್‌ಮೆಂಟ್ ಮಾತ್ರ ಅಂಗಡಿಯಲ್ಲೇ ಮಾಡಿಸಿದ್ದು. ಜಾಯಿಂಟ್ ಬದಲಾದರೆ ಕ್ಯಾಂಬರ್ (ಚಕ್ರ ಮೇಲೆ ಕೆಳಗೆ ವಾಲಿರುವ ಕೋನ), ಟೋ (ಮುಂದಕ್ಕೆ ಒಳಗೋ ಹೊರಗೋ ತಿರುಗಿರುವುದು) ಎರಡೂ ಬದಲಾಗುತ್ತವೆ. ಅದನ್ನು ಬಿಟ್ಟರೆ ಹೊಸ ಟೈರೂ ಅದೇ ದಾರಿ ಹಿಡಿಯುತ್ತೆ.

ಎಡಗಡೆಯದನ್ನೂ ಅದೇ ರೀತಿ ಆರ್ಮಿಗೆ ಜಾಕ್ ಕೊಟ್ಟು ಮೀಟಿ ನೋಡಿದ್ದೇನೆ. ಆಟ ಇಲ್ಲ, ಆದರೆ ಬೂಟ್ ಬಿರುಕು ಬಿಟ್ಟಿದೆ. ಮಳೆಗಾಲದಲ್ಲಿ ಅದು ಹೆಚ್ಚು ದಿನ ತಡೆಯೋದಿಲ್ಲ. ಆಯುಧಪೂಜೆಗೆ ಮುಂಚೆ ಬದಲಿಸಬೇಕು ಅಂತ ಸಾಮಾನು ತಂದಿಟ್ಟಾಗಿದೆ, ಬಟ್ಟಲು ಹೇಗೂ ಇದೆ.